“ಹುಷಾರಾಗಿದೀರಾ?” ಅಂತ ಕೇಳ್ಬೇಕಿತ್ತು: ಟೆಕ್ಸಾಸ್ ಗಡಿ, ಹಿಸ್ಪಾನಿಕ್ ಹೆಂಗಸರು, ಗರ್ಭನಿರೋಧಕದ ಮಾತು

ಮಲ್ನಾಡ್_ನರ್ಸ್ (ಮೆಕ್ಯಾಲೆನ್, ಟೆಕ್ಸಾಸ್)

ಎಲ್ರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಕನ್ನಡದವರೊಬ್ಬರ ಮನೇಲಿ ಊಟಕ್ಕೆ ಸೇರಿದ್ವಿ, ಅಲ್ಲಿ ಒಬ್ರು ಆಡಿದ ಮಾತು ಇನ್ನೂ ತಲೇಲಿ ಕೂತಿದೆ. “ಹಿಸ್ಪಾನಿಕ್ ಜನರ ಕಲ್ಚರ್ರೇ ಹಾಗಲ್ವಾ, ಆ ವಿಷ್ಯ ಮನೇಲಿ ಎತ್ತಲ್ಲ, ಡಾಕ್ಟರ್ ಹತ್ರ ಹೋಗಲ್ಲ, ಹದಿನಾರಕ್ಕೇ ಮಗು” ಅಂದ್ರು. ಹಿಸ್ಪಾನಿಕ್ ಅಂದ್ರೆ ಮೆಕ್ಸಿಕೋದಂಥ ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದವರು. ಆಗ ತಿರುಗಿ ಹೇಳೋಕೆ ಆಗ್ಲಿಲ್ಲ, ಎದುರಿಗೆ ಹಿರಿಯರಿದ್ರು, ಅದಕ್ಕೇ ಇಲ್ಲಿ ಬರೀತಿದೀನಿ, ಉದ್ದ ಆಗತ್ತೆ, ಸಹಿಸ್ಕೊಳಿ.

ನಾನು ಮೆಕ್ಸಿಕೋ ಗಡಿಗೆ ಅಂಟಿಕೊಂಡಿರೋ ಹಿಡಾಲ್ಗೊ ಕೌಂಟೀಲಿ ಬಡವರಿಗೆ ನೋಡೋ ಒಂದು ಕ್ಲಿನಿಕ್‌ನಲ್ಲಿ 9 ವರ್ಷದಿಂದ ನರ್ಸ್. ಬರೋರಲ್ಲಿ ಹತ್ತಕ್ಕೆ ಒಂಬತ್ತು ಜನ ಸ್ಪ್ಯಾನಿಷ್ ಮಾತಾಡೋರು. ಸೇರಿದ ಮೊದಲನೇ ವರ್ಷ ನನ್ನದು ಪುಸ್ತಕದ ಸ್ಪ್ಯಾನಿಷ್. ಒಬ್ಬ ಹೆಂಗಸು ತಲೆನೋವು ಅಂತ ಬಂದ್ಲು, ಮೂವತ್ತನಾಲ್ಕು ವಯಸ್ಸು, ಮೂರು ಮಕ್ಕಳು. ಬಿಪಿ ನೋಡಿದ್ರೆ 152/98. ಫಾರಂನಲ್ಲಿ ಇದ್ದ ಹಾಗೇ “ಗರ್ಭನಿರೋಧಕ ಬಳಸ್ತೀರಾ” ಅಂತ ಕೇಳ್ದೆ, ಇಲ್ಲ ಅಂದ್ಲು, ಇಲ್ಲ ಅಂತ ಟಿಕ್ ಹಾಕ್ದೆ. ಪಕ್ಕದಲ್ಲಿ ನಮ್ಮ ಪ್ರೊಮೊತೋರಾ ನಿಂತಿದ್ರು, ಪ್ರೊಮೊತೋರಾ ಅಂದ್ರೆ ಅದೇ ಕೇರಿಯವರು, ಆರೋಗ್ಯದ ತರಬೇತಿ ತಗೊಂಡು ಮನೆ ಮನೆಗೆ ಹೋಗೋ ಹೆಂಗಸರು. ಅವರು ನನ್ನ ಮುಖ ನೋಡಿ, ಆಮೇಲೆ ಆ ಹೆಂಗಸಿನ ಕಡೆ ತಿರುಗಿ “ಸೆ ಎಸ್ತಾ ಕುಯ್ದಾಂದೋ?” ಅಂತ ಮೆಲ್ಲಗೆ ಕೇಳಿದ್ರು. ಪದಕ್ಕೆ ಪದ ಹಾಕಿದ್ರೆ “ನಿಮ್ಮನ್ನ ನೀವು ನೋಡ್ಕೊಳ್ತಿದೀರಾ, ಹುಷಾರಾಗಿದೀರಾ” ಅಂತ ಅಷ್ಟೇ. ಆ ಹೆಂಗಸು ತಕ್ಷಣ ಹೌದು ಅಂದ್ಲು, ತಿಂಗಳು ತಿಂಗಳು ಇಂಜೆಕ್ಷನ್ ತಗೋತೀನಿ, ಅಕ್ಕ ಸೇತುವೆ ದಾಟಿ ಮೆಕ್ಸಿಕೋದ ನುಯೆವೋ ಪ್ರೊಗ್ರೆಸೋ ಊರಿನ ಮೆಡಿಕಲ್ ಶಾಪಿಂದ ತರ್ತಾಳೆ, ನಾದಿನಿ ಚುಚ್ಚುತ್ತಾಳೆ ಅಂತ ಎಲ್ಲಾ ಹೇಳಿದ್ಲು.

ಮೆಕ್ಸಿಕೋದಲ್ಲಿ ಈ ತಿಂಗಳ ಇಂಜೆಕ್ಷನ್ ಮಾಮೂಲಿ. ಅಮೆರಿಕದಲ್ಲಿ ಸಿಗಲ್ಲ, ಇಲ್ಲಿ ಇರೋದು ಮೂರು ತಿಂಗಳಿಗೊಂದು ಕೊಡೋ ಡೆಪೋ. ವ್ಯತ್ಯಾಸ ಏನಂದ್ರೆ ತಿಂಗಳದ್ದರಲ್ಲಿ ಈಸ್ಟ್ರೊಜೆನ್ ಅನ್ನೋ ಹಾರ್ಮೋನ್ ಇರತ್ತೆ, ಬಿಪಿ ಹೆಚ್ಚಿರೋರಿಗೆ ಅದು ಆಗಲ್ಲ, ಸ್ಟ್ರೋಕ್ ಆಗೋ ಅಪಾಯ ಏರತ್ತೆ. ನನ್ನ ಟಿಕ್ ಮಾರ್ಕ್ ಹಾಗೇ ಇದ್ದಿದ್ರೆ ಬಿಪಿ ಮಾತ್ರೆ ಕೊಟ್ಟು ಕಳಿಸಿರ್ತಿದ್ವಿ, ಇಂಜೆಕ್ಷನ್ ನಡೀತಾ ಇರ್ತಿತ್ತು.

ಅವಳಿಗೆ ನಾಚಿಕೆ ಇರ್ಲಿಲ್ಲ. ತನ್ನ ಮೈ ಬಗ್ಗೆ ತಿಳುವಳಿಕೆ ಇತ್ತು, ತಿಂಗಳ ತಾರೀಖು ಬಾಯಲ್ಲಿತ್ತು. ನಾನು ಕೇಳಿದ ಪದ ಅವಳದಾಗಿರ್ಲಿಲ್ಲ, ಅಷ್ಟೇ. ಅವಳಿಗೆ ಈ ದೇಶದಲ್ಲಿರೋಕೆ ಕಾಗದಪತ್ರ ಇಲ್ಲ, ಸೇತುವೆ ದಾಟಿ ಆ ಕಡೆ ಹೋದ್ರೆ ವಾಪಸ್ ಬರೋಕಾಗಲ್ಲ, ಅದಕ್ಕೇ ಅಕ್ಕ ತರೋದು. ಉತ್ತರಕ್ಕೆ ಹೋಗೋಕೂ ಆಗಲ್ಲ, ಹೈವೇ 281ರಲ್ಲಿ ಫಾಲ್‌ಫುರಿಯಾಸ್ ಹತ್ರ ಬಾರ್ಡರ್ ಪೆಟ್ರೋಲ್ ಚೆಕ್‌ಪೋಸ್ಟ್ ಇದೆ, ಪ್ರತಿ ಕಾರಿಗೂ ನಿಲ್ಲಿಸಿ ಕೇಳ್ತಾರೆ. ಸ್ಯಾನ್ ಆಂಟೋನಿಯೋದಂಥ ಊರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ರೆ ಆ ಚೀಟಿ ಅವರ ಬ್ಯಾಗಲ್ಲೇ ಉಳಿಯತ್ತೆ. ಕೆಳಗೆ ನದಿ, ಮೇಲೆ ಚೆಕ್‌ಪೋಸ್ಟ್, ಮಧ್ಯೆ ಇವರ ಜೀವನ. ಇದನ್ನ “ಕಲ್ಚರ್” ಅಂದ್ಬಿಟ್ರೆ ಹೊಟ್ಟೆ ಉರಿಯತ್ತೆ ನನಗೆ.

ರಾಜಾಜಿನಗರ_ಹುಡ್ಗ (ಡಾಲಸ್)

ಅಕ್ಕ, ತಪ್ಪು ತಿಳ್ಕೋಬೇಡಿ, ಜಗಳಕ್ಕಲ್ಲ ಕೇಳ್ತಿರೋದು. ಚಿಕ್ಕ ವಯಸ್ಸಲ್ಲೇ ತಾಯಿ ಆಗೋದು ಅವರಲ್ಲಿ ಜಾಸ್ತಿ ಅನ್ನೋದು ನಿಜ ತಾನೇ? ಚರ್ಚು, ಗಂಡಸರ ದರ್ಬಾರು, ಇದೆಲ್ಲಾ ಇಲ್ವೇ ಇಲ್ಲ ಅಂತೀರಾ?

ಮಲ್ನಾಡ್_ನರ್ಸ್

ಇದೆ ತಮ್ಮಾ, ಇಲ್ಲ ಅನ್ನಲ್ಲ. “ದೆ ಎಸೋ ನೋ ಸೆ ಆಬ್ಲಾ” ಅಂತಾರೆ, ಆ ಮಾತು ಎತ್ತೋ ಹಾಗಿಲ್ಲ ಅಂತ. ನಮ್ಮ ಸಾಗರದ ಮನೇಲಿ “ಹೊರಗೆ ಕೂತಿದಾಳೆ” ಅಂತ ಒಂದು ಮಾತಲ್ಲಿ ಮುಗಿಸ್ತಿದ್ರಲ್ಲ, ಅದೇ ಥರ. ಆದ್ರೆ ಲೆಕ್ಕ ನೋಡು. ಇಡೀ ಅಮೆರಿಕದಲ್ಲಿ 15ರಿಂದ 19 ವಯಸ್ಸಿನ ಸಾವಿರ ಹುಡುಗಿಯರಲ್ಲಿ 1991ರಲ್ಲಿ 61.8 ಹೆರಿಗೆ ಇತ್ತು, 2023ಕ್ಕೆ 13ರ ಆಸುಪಾಸಿಗೆ ಇಳೀತು. ಹಿಸ್ಪಾನಿಕ್ ಹುಡುಗೀರಲ್ಲಿ 2007ರಲ್ಲಿ ಸಾವಿರಕ್ಕೆ 70ಕ್ಕಿಂತ ಮೇಲಿತ್ತು, ಈಗ 20ರ ಸುತ್ತಮುತ್ತ. ಬೇರೆಯವರಿಗಿಂತ ಇನ್ನೂ ಜಾಸ್ತೀನೇ, ಒಪ್ತೀನಿ. ಆದ್ರೆ ಹದಿನೈದು ವರ್ಷದಲ್ಲಿ ಅಷ್ಟು ಬಿದ್ದಿದೆ ಅಂದ್ರೆ ಅಷ್ಟರಲ್ಲಿ ಚರ್ಚ್ ಬದಲಾಯ್ತಾ, ಅಜ್ಜಿಯಂದ್ರು ಬದಲಾದ್ರಾ? ಕೈಗೆ ಸಿಗೋ ಸಾಧನ ಬದಲಾಯ್ತು, ಹುಡುಗೀರ ಓದು ಬದಲಾಯ್ತು.

ಕೈಗೆ ಸಿಗೋದನ್ನ ಕಿತ್ಕೊಂಡ್ರೆ ಏನಾಗತ್ತೆ ಅಂತಾನೂ ಟೆಕ್ಸಾಸ್ ನೋಡಿದೆ. 2011ರಲ್ಲಿ ಇಲ್ಲಿನ ಶಾಸನಸಭೆ ಕುಟುಂಬ ಯೋಜನೆ ದುಡ್ಡನ್ನ ಎರಡು ವರ್ಷಕ್ಕೆ 111 ಮಿಲಿಯನ್ ಡಾಲರಿಂದ 38 ಮಿಲಿಯನ್‌ಗೆ ಇಳಿಸ್ತು. 80ಕ್ಕೂ ಹೆಚ್ಚು ಕ್ಲಿನಿಕ್ ಬಾಗಿಲು ಹಾಕಿದ್ವು, ಇಲ್ಲಾ ಆ ಸೇವೆ ನಿಲ್ಲಿಸಿದ್ವು. ನಾನು ಬರೋ ಮುಂಚಿನ ಕಥೆ ಇದು, ಹಳೇ ಸಹೋದ್ಯೋಗಿಗಳು ಈಗ್ಲೂ ಹೇಳ್ತಾರೆ, ಬೋರ್ಡ್ ಹಾಗೇ ಇತ್ತು, ಹೆಂಗಸರು ಬಂದು ಬಾಗಿಲು ತಳ್ಳಿ ನೋಡಿ ವಾಪಸ್ ಹೋಗ್ತಿದ್ರಂತೆ. ಇನ್ಶೂರೆನ್ಸ್ ಇಲ್ಲದವರ ಪಾಲು ಇಡೀ ದೇಶದಲ್ಲೇ ಟೆಕ್ಸಾಸಲ್ಲಿ ಜಾಸ್ತಿ, ಬಡವರಿಗಿರೋ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್‌ನ ವಿಸ್ತರಿಸದೇ ಇರೋ ರಾಜ್ಯ ಇದು. ಕಾಗದ ಇಲ್ಲದ ಬಸುರಿಗೆ ಹೊಟ್ಟೇಲಿರೋ ಮಗು ಹೆಸರಲ್ಲಿ ಒಂದು ಕಾರ್ಡ್ ಸಿಗತ್ತೆ, ಹೆತ್ತ ಮೇಲೆ ಎರಡೇ ಎರಡು ವಿಸಿಟ್, ಅಲ್ಲಿಗೆ ಮುಗೀತು. ಮೂರನೇ ಸಲ ಬಂದಾಗ ಕಿಟಕೀಲಿ ದುಡ್ಡು ಕೇಳ್ತಾರೆ.

ಫ್ರೆಸ್ನೋ_ಧಾರವಾಡ

ಅಕ್ಕಾರ ಮಾತು ಓದಿ ಬರೀಲಾರ್ದ ಇರಾಕ ಆಗ್ಲಿಲ್ರಿ. ನಾ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯೊಳಗ ಫ್ಯಾಮಿಲಿ ಡಾಕ್ಟರ್ ಇದ್ದೀನಿ. ದ್ರಾಕ್ಷಿ, ಬಾದಾಮಿ ತೋಟದಾಗ ದುಡಿಯೋ ಮಂದಿನ ನಮ್ಮ ಪೇಶಂಟ್ಸ್. ಅದ ಮಂದಿ, ಅದ ಚರ್ಚು, ಅದ ಅಜ್ಜಿ, ಆದ್ರ ಇಲ್ಲೆ ದಾರಿ ಬ್ಯಾರೆ ಐತಿ. ಫ್ಯಾಮಿಲಿ ಪ್ಯಾಕ್ಟ್ ಅಂತ ರಾಜ್ಯದ ಯೋಜನಾ ಐತಿ, ಕಾಗದಪತ್ರ ಇರಲಿ ಬಿಡಲಿ, ರೊಕ್ಕ ಕಡಿಮಿ ಇದ್ದವ್ರಿಗೆ ಗುಳಿಗಿ, ಕಾಪರ್ ಟಿ, ಗುಪ್ತರೋಗದ ಟೆಸ್ಟು ಎಲ್ಲಾ ಬಿಟ್ಟೀ. ಬಂದ ದಿನಾನ ಕೌಂಟರಿನ್ಯಾಗ ಫಾರಂ ತುಂಬಿ ಅವತ್ತ ಔಷಧ ತಗೊಂಡು ಹೋಗ್ತಾರ. 2016ರಿಂದ ಸಾಲ್ಯಾಗ ಲೈಂಗಿಕ ಆರೋಗ್ಯ ಕಲಿಸೋದು ಕಾನೂನು, ಏಳನೇತ್ತೆ ಎಂಟನೇತ್ತೆದಾಗ ಒಮ್ಮಿ, ಹೈಸ್ಕೂಲದಾಗ ಒಮ್ಮಿ. ಬ್ಯಾಡ ಅನ್ನೋ ತಾಯಿ ತಂದಿ ಬರದು ಕೊಡಬೇಕು, ಸುಮ್ಮನಿದ್ರ ಪಾಠ ಸಿಗತೈತಿ.

ಆದ್ರ ಕ್ಯಾಲಿಫೋರ್ನಿಯಾ ಸ್ವರ್ಗ ಅಂತ ತಿಳೀಬ್ಯಾಡ್ರಿ. ಎರಡು ಮಾತು ಹೇಳ್ತೀನಿ. ಒಂದು, ತೋಟದಾಗಿನ ಎಷ್ಟೋ ಮಂದಿ ಮೆಕ್ಸಿಕೋದ ವಹಾಕಾ ಕಡೆಯವ್ರು, ಅವ್ರ ಮಾತು ಮಿಶ್ತೆಕೋ, ಸ್ಪ್ಯಾನಿಷ್ ಅಲ್ಲವೇ ಅಲ್ಲ. ಸ್ಪ್ಯಾನಿಷ್ ಇಂಟರ್‌ಪ್ರಿಟರ್ ಕೊಟ್ಟು ನಾವು ಕೆಲಸ ಮುಗೀತು ಅಂತ ಕೈ ತೊಳಕೊಂಡ್ರ ಆ ಹೆಣ್ಣಮಗಳು ಎಲ್ಲಾದಕ್ಕೂ “ಸೀ, ಸೀ” ಅಂತ ತಲಿ ಹಾಕಿ ಹೋಗ್ತಾಳ. ನಾನ ಹಂಗ ಮೋಸ ಹೋಗೀನಿ, ಒಬ್ಬಾಕಿ ಗುಳಿಗೀನ ದಿನಾ ತಗೊಳ್ಳೋದಲ್ಲ, ಗಂಡ ಊರಿಂದ ಬಂದ ದಿನ ಅಷ್ಟ ತಗೊಳ್ಳೋದು ಅಂತ ತಿಳಕೊಂಡಿದ್ಲು. ಮರುದಿನದಿಂದ ಗುಳಿಗಿ ಚೀಟಿ ಕೈಯಾಗ ಹಿಡಿದು ಹೊರಳಿ ಹೇಳಿಸ್ತೀನಿ, “ನಾ ಹೇಳಿದ್ದನ್ನ ನೀವು ಮನ್ಯಾಗ ಹೆಂಗ ಹೇಳ್ತೀರಿ” ಅಂತ.

ಎರಡನೇದು ಹಳೇ ಗಾಯ. ಲಾಸ್ ಏಂಜಲಿಸ್‌ನ ಕೌಂಟಿ ಆಸ್ಪತ್ರೆಯೊಳಗ 1970ರ ಸುಮಾರಿಗೆ ಮೆಕ್ಸಿಕನ್ ಹೆಣ್ಣಮಕ್ಕಳಿಗೆ ಹೆರಿಗಿ ಬ್ಯಾನಿ ಎದ್ದಾಗ ಇಂಗ್ಲಿಷ್ ಕಾಗದಕ್ಕ ಸಹಿ ಹಾಕಿಸಿ ಆಪರೇಷನ್ ಮಾಡಿಬಿಟ್ರು. ಕೆಲವರಿಗೆ ತಮಗ ಇನ್ನ ಮಕ್ಕಳಾಗಂಗಿಲ್ಲ ಅನ್ನೋದ ಗೊತ್ತಿರಲಿಲ್ಲ. 10 ಮಂದಿ 1975ರಾಗ ಕೋರ್ಟಿಗೆ ಹೋದ್ರು, ಮಾದ್ರಿಗಾಲ್ ಕೇಸು ಅಂತ ಹೆಸರು. 1978ರಾಗ ಸೋತ್ರು, ಆದ್ರ ಆ ಗದ್ದಲದಿಂದ ಕೇಂದ್ರದ ನಿಯಮ ಬಂತು, ಸರ್ಕಾರದ ರೊಕ್ಕದಾಗ ಆಪರೇಷನ್ ಮಾಡಬೇಕಂದ್ರ ಸಹಿ ಆದ ಮ್ಯಾಲೆ 30 ದಿನ ಕಾಯಬೇಕು, ತಿಳಿಯೋ ಭಾಷಾದಾಗ ಹೇಳಬೇಕು. ಪೋರ್ಟೊ ರಿಕೋದಾಗಂತೂ 1960ರ ದಶಕಕ್ಕ ಮೂರರಾಗ ಒಬ್ಬ ತಾಯಿಗೆ ಆಪರೇಷನ್ ಆಗಿತ್ತು, ಗರ್ಭನಿರೋಧಕ ಗುಳಿಗಿಯ ಮೊದಲನೇ ದೊಡ್ಡ ಪ್ರಯೋಗ ಸೈತ 1956ರಾಗ ಅಲ್ಲಿನ ಬಡ ಹೆಣ್ಣಮಕ್ಕಳ ಮ್ಯಾಲೆ ಶುರು ಮಾಡಿದ್ರು. ಈಗ ಒಬ್ಬ ಅಜ್ಜಿ ಬಂದು ಮೊಮ್ಮಗಳ ಕೈ ಹಿಡಿದು “ಏನಂತ ಬರದೈತಿ ಮೊದಲ ಓದು” ಅಂದ್ರ, ಆಕಿ ಅಡಾಣಿ ಅಲ್ಲ, ಆಕಿಗೆ ನೆನಪೈತಿ.

ಹ್ಯೂಸ್ಟನ್_ಅಮ್ಮ

ಡಾಕ್ಟ್ರೇ, ಸುಮ್ಮನಿದ್ರೆ ಪಾಠ ಸಿಗತ್ತೆ ಅಂದ್ರಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ ಇತ್ತು. ಟೆಕ್ಸಾಸ್ 2021ರಲ್ಲಿ ಕಾನೂನು ಮಾಡ್ತು, ಅಪ್ಪ ಅಮ್ಮ ಬರವಣಿಗೇಲಿ ಒಪ್ಪಿಗೆ ಕೊಟ್ರೆ ಮಾತ್ರ ಆ ಪಾಠ. ಅದರ ಹಿಂದಿನ ವರ್ಷವಷ್ಟೇ, 1997ರ ನಂತರ ಮೊದಲ ಸಲ ಪಠ್ಯ ಬದಲಿಸಿ ಏಳು ಎಂಟನೇ ಕ್ಲಾಸಿಗೆ ಗರ್ಭನಿರೋಧಕದ ವಿಷಯ ಸೇರಿಸಿದ್ರು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಫಾರಂ ಅಡ್ಡ ಇಟ್ಟ ಹಾಗಾಯ್ತು.

ನನ್ನ ಮಗಳು ಆಗ ಏಳನೇ ಕ್ಲಾಸು. ಆ ಫಾರಂ ಬ್ಯಾಗಿನ ತಳದಲ್ಲಿ ಮುದುಡಿ ಹೋಗಿತ್ತು, ಬಾಳೆಹಣ್ಣಿನ ಕಲೆ ಆಗಿತ್ತು, ಟಿಫನ್ ಬಾಕ್ಸ್ ಹುಡುಕೋವಾಗ ಸಿಕ್ತು. ನಿಜ ಹೇಳ್ತೀನಿ, ಎರಡು ದಿನ ಫ್ರಿಜ್ ಮೇಲೆ ಅಂಟಿಸಿಟ್ಟು ಓಡಾಡ್ದೆ, ಸಹಿ ಹಾಕೋಕೆ ನನಗೂ ಕೈ ಬರ್ಲಿಲ್ಲ. ಮಂಡ್ಯದಲ್ಲಿ ನಮ್ಮ ಹತ್ತನೇ ಕ್ಲಾಸಿನ ಮೇಷ್ಟ್ರು ಸಂತಾನೋತ್ಪತ್ತಿ ಪಾಠ ಬಂದಾಗ “ಮನೇಲಿ ಓದ್ಕೊಳಿ” ಅಂತ ಪುಟ ತಿರುವಿದ್ರು, ಮನೇಲಿ ಓದೋಕೆ ಹೋದ್ರೆ ಅಮ್ಮ ಪುಸ್ತಕ ಮುಚ್ಚಿಸಿದ್ರು. ಅದು ನೆನಪಾಗಿ ಸಹಿ ಹಾಕ್ದೆ.

ನಮ್ಮ ಪಕ್ಕದ ಅಪಾರ್ಟ್‌ಮೆಂಟಲ್ಲಿ ಹೊಂಡುರಾಸ್‌ನವರಿದಾರೆ, ಅವರ ಮಗಳೂ ಅದೇ ಕ್ಲಾಸು. ಆ ತಾಯಿಗೆ ರಾತ್ರಿ ಪಾಳಿ ಆಫೀಸ್ ಕ್ಲೀನಿಂಗ್, ಬೆಳಿಗ್ಗೆ ಮಲಗ್ತಾರೆ. ಫಾರಂ ನೋಡೇ ಇರ್ಲಿಲ್ಲ. ಮಗು ಆ ಪಾಠದ ಹೊತ್ತಲ್ಲಿ ಲೈಬ್ರರೀಲಿ ಕೂತಿತ್ತು. ತಾಯಿ ಬೇಡ ಅಂದಿರ್ಲಿಲ್ಲ, ಯಾರೂ ಕೇಳಿರ್ಲಿಲ್ಲ. ಆ ಒಪ್ಪಿಗೆ ಕಾನೂನಿನ ಅವಧಿ 2024ರಲ್ಲಿ ಮುಗೀತು, ಆದ್ರೆ ಆ ಮೂರು ವರ್ಷದ ಮಕ್ಕಳಿಗೆ ಹೋದ ಪಾಠ ಹೋಯ್ತು.

ಇನ್ನೊಂದು. ಆ ತಾಯಿಗೆ ಬ್ಲೀಡಿಂಗ್ ಜಾಸ್ತಿ ಆಗಿ ಡಾಕ್ಟರ್ ಹತ್ರ ಹೋದಾಗ ಅನುವಾದಕ್ಕೆ ಕೂರಿಸಿದ್ದು ಯಾರನ್ನ ಗೊತ್ತಾ, ಆ ಹನ್ನೆರಡು ವರ್ಷದ ಮಗಳನ್ನ. ಅಮ್ಮನಿಗೆ ಎಷ್ಟು ಗರ್ಭಪಾತ ಆಗಿದೆ ಅಂತ ಮಗಳ ಬಾಯಲ್ಲಿ ಕೇಳಿಸಿದಾರೆ. ಆಕೆ ಸೊನ್ನೆ ಅಂದ್ರಂತೆ. ನಿಜ ಬೇರೆ, ನನಗೆ ಆಮೇಲೆ ಹೇಳಿದ್ರು.

ಮಲ್ನಾಡ್_ನರ್ಸ್

ಓದಿ ಕಣ್ಣು ತುಂಬ್ತು. ಮಕ್ಕಳನ್ನ ಅನುವಾದಕ್ಕೆ ಕೂರಿಸೋ ಹಾಗಿಲ್ಲ, ತುರ್ತು ಸಂದರ್ಭ ಬಿಟ್ರೆ ಕೇಂದ್ರದ ನಿಯಮವೇ ಬೇಡ ಅನ್ನತ್ತೆ, ಸರ್ಕಾರದ ದುಡ್ಡು ಪಡೆಯೋ ಆಸ್ಪತ್ರೆ ಇಂಟರ್‌ಪ್ರಿಟರ್‌ನ ಬಿಟ್ಟಿಯಾಗಿ ಕೊಡಬೇಕು. ಫೋನಲ್ಲಾದ್ರೂ ಸರಿ. ಮುಂದಿನ ಸಲ ಆಕೆ ಜೊತೆ ನೀವು ಹೋದ್ರೆ ಕೌಂಟರಿನಲ್ಲೇ “ಇಂಟರ್‌ಪ್ರಿಟರ್ ಬೇಕು” ಅಂತ ಹೇಳಿ, ಕೇಳದೇ ಇದ್ರೆ ಅವರಾಗೇ ಕೊಡಲ್ಲ ಎಷ್ಟೋ ಕಡೆ.

ಹದಿಹರೆಯದವರ ಬಗ್ಗೆ ಒಂದು ಸೇರಿಸ್ತೀನಿ. 1970ರಿಂದ ಟೈಟಲ್ ಟೆನ್ ಅನ್ನೋ ಕೇಂದ್ರದ ಯೋಜನೆ ಇದೆ, ಆ ಕ್ಲಿನಿಕ್‌ಗಳಲ್ಲಿ ಹದಿನಾರರ ಹುಡುಗಿ ಯಾರಿಗೂ ಹೇಳದೆ ಗರ್ಭನಿರೋಧಕ ಪಡೀಬಹುದಿತ್ತು. ಟೆಕ್ಸಾಸ್‌ನ ಒಬ್ಬ ತಂದೆ ಹಾಕಿದ ಕೇಸಲ್ಲಿ 2022ರ ಡಿಸೆಂಬರಲ್ಲಿ ತೀರ್ಪು ಬಂತು, 2024ರ ಮಾರ್ಚಲ್ಲಿ ಮೇಲಿನ ಕೋರ್ಟೂ ಅದರ ಮುಖ್ಯ ಭಾಗ ಎತ್ತಿಹಿಡೀತು. ಈಗ ಇಲ್ಲಿ ಅಪ್ಪ ಅಮ್ಮನ ಸಹಿ ಬೇಕು. ಗರ್ಭಪಾತ ಮೊದಲೇ ನಿಂತಿದೆ. ಒಬ್ಬ ಹುಡುಗಿ ಬಂದ್ಲು, ಸಹಿ ಬೇಕು ಅಂದೆ, “ಅಪ್ಪನ್ನ ಹೋದ ತಿಂಗಳು ಡಿಪೋರ್ಟ್ ಮಾಡಿದ್ರು, ಅಮ್ಮ ಮನೆಯಿಂದ ಹೊರಗೆ ಬರಲ್ಲ” ಅಂದ್ಲು. ಕುರ್ಚಿ ಮೇಲೆ ಸ್ವಲ್ಪ ಹೊತ್ತು ಕೂತಿದ್ಲು, ಆಮೇಲೆ ಎದ್ದು ಹೋದ್ಲು.

ಶರ್ಮಾಮಾವ_ನ್ಯೂಜೆರ್ಸಿ

ನಿಮ್ಮ ಸೇವೆಗೆ ನಮಸ್ಕಾರ ತಾಯಿ. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ನಾವೆಲ್ಲ ಲೈನಲ್ಲಿ ನಿಂತು, ವೀಸಾ, ಗ್ರೀನ್ ಕಾರ್ಡ್ ಅಂತ ವರ್ಷಗಟ್ಟಲೆ ಕಾದು ಬಂದವರು. ಕಾನೂನು ಮೀರಿ ಬಂದವರಿಗೆ ತೆರಿಗೆ ದುಡ್ಡಲ್ಲಿ ಯಾಕೆ ಕೊಡಬೇಕು? ಕಠಿಣ ಅನ್ನಿಸಬಹುದು, ಆದರೆ ಬಹಳ ಜನರ ಮನಸ್ಸಲ್ಲಿರೋ ಮಾತು ಇದು.

ಮಲ್ನಾಡ್_ನರ್ಸ್

ಮಾವ, ಮನಸ್ಸಲ್ಲಿ ಇಟ್ಕೊಳ್ಳೋಕಿಂತ ಕೇಳಿದ್ದು ಒಳ್ಳೇದಾಯ್ತು. ಮೊದಲು, ಅಮೆರಿಕದ ಹಿಸ್ಪಾನಿಕ್ ಜನರಲ್ಲಿ ಐದರಲ್ಲಿ ನಾಲ್ಕು ಜನ ಇಲ್ಲಿನ ಪ್ರಜೆಗಳೇ. ಆದ್ರೆ ಒಂದೇ ಮನೇಲಿ ಅಮ್ಮನಿಗೆ ಕಾಗದ ಇಲ್ಲ, ಅಪ್ಪನಿಗೆ ಗ್ರೀನ್ ಕಾರ್ಡ್, ಮಕ್ಕಳು ಪ್ರಜೆಗಳು. ಒಬ್ಬರ ಭಯ ಎಲ್ಲರನ್ನೂ ಮನೇಲಿ ಕೂರಿಸತ್ತೆ. 2025ರ ಜನವರೀಲಿ ಆಸ್ಪತ್ರೆ, ಶಾಲೆ, ಚರ್ಚುಗಳ ಹತ್ರ ವಲಸೆ ಅಧಿಕಾರಿಗಳು ಹಿಡಿಯೋದಕ್ಕಿದ್ದ ತಡೆ ತೆಗೆದ್ರು, ಅದೇ ವರ್ಷ ಮೆಡಿಕೇಡ್‌ನವರ ವಿವರ ವಲಸೆ ಇಲಾಖೆ ಕೈಗೆ ಹೋಯ್ತು. ಅಲ್ಲಿಂದೀಚೆ ನಮ್ಮಲ್ಲಿ ಪ್ರಜೆಗಳಾದ ಹುಡುಗೀರೂ ಅಪಾಯಿಂಟ್‌ಮೆಂಟ್ ತಪ್ಪಿಸ್ತಿದಾರೆ, ಯಾಕಂದ್ರೆ ಡ್ರೈವ್ ಮಾಡೋದು ಅಮ್ಮ.

ಲೈನಲ್ಲಿ ನಿಂತವರ ಮಾತು ಹೇಳಿದ್ರಲ್ಲ, ಗ್ರೀನ್ ಕಾರ್ಡ್ ಬಂದ ಮೇಲೂ ಸಾಮಾನ್ಯವಾಗಿ 5 ವರ್ಷ ಮೆಡಿಕೇಡ್ ಇಲ್ಲ, 1996ರ ಕಾನೂನು. ನಮ್ಮ ಅಪ್ಪ ಅಮ್ಮಂದಿರನ್ನ ಕರೆಸ್ಕೊಂಡಾಗ ನಾವೂ ಅದನ್ನೇ ಅನುಭವಿಸ್ತೀವಿ. ಸರಿಯಾಗಿ ಲೈನಲ್ಲಿ ಬಂದ ಮೆಕ್ಸಿಕೋದ ಹೆಂಗಸಿಗೂ ಅದೇ.

ಮತ್ತೆ ಸಿಫಿಲಿಸ್, ಅಂದ್ರೆ ಲೈಂಗಿಕ ಸಂಪರ್ಕದಿಂದ ಹರಡೋ ಒಂದು ರೋಗ. ಹುಟ್ಟುವಾಗಲೇ ತಾಯಿಂದ ಸಿಫಿಲಿಸ್ ಬಂದ ಮಕ್ಕಳು 2023ರಲ್ಲಿ ದೇಶದಲ್ಲಿ 3,882. ಅದಕ್ಕೆ ಹತ್ತು ವರ್ಷ ಹಿಂದೆ ಇದರ ಹತ್ತರಲ್ಲಿ ಒಂದು ಭಾಗವೂ ಇರ್ಲಿಲ್ಲ. ಟೆಕ್ಸಾಸ್ ಪಾಲು ದೊಡ್ಡದು. ಬಸುರೀಲಿ ರಕ್ತ ಪರೀಕ್ಷೆ ಮಾಡಿ ಹೊತ್ತಿಗೆ ಸರಿಯಾಗಿ ಪೆನಿಸಿಲಿನ್ ಇಂಜೆಕ್ಷನ್ ಕೊಟ್ರೆ ಹೆಚ್ಚುಕಮ್ಮಿ ಎಲ್ಲಾ ತಪ್ಪಿಸಬಹುದು. ಕೊಡದೇ ಇದ್ರೆ ಕೆಲವು ಸಲ ಮಗು ಹೊಟ್ಟೇಲೇ ಹೋಗತ್ತೆ, ಬದುಕಿದ್ರೆ ಮೂಳೆ, ಕಣ್ಣು, ಕಿವಿಗೆ ತೊಂದ್ರೆ. ಆ ಮಗು ಇಲ್ಲಿನ ಪ್ರಜೆ ಮಾವ. ಹತ್ತು ದಿನ ಐಸಿಯು ಖರ್ಚು ಯಾರ ತೆರಿಗೇಲಿ ಹೋಗತ್ತೆ ಹೇಳಿ.

ಶರ್ಮಾಮಾವ_ನ್ಯೂಜೆರ್ಸಿ

5 ವರ್ಷದ ಮಾತು ನಮ್ಮ ಅತ್ತೆಯವರ ವಿಷಯದಲ್ಲಿ ಆಗಿತ್ತು, ಮರೆತಿದ್ದೆ. ಮಗುವಿನ ವಿಷಯದಲ್ಲಿ ನನ್ನದೇನೂ ತಕರಾರಿಲ್ಲ. ದೊಡ್ಡವರ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ಯೋಚನೆ ಮಾಡ್ತೀನಿ.

ಮಯಾಮಿ_ಮಂಗ್ಳೂರು

ಗಂಡಸರ ಬಗ್ಗೆ ಯಾರೂ ಬರೀಲಿಲ್ಲ ಅಂತ ನಾನು ಬರೀತೇನೆ. 2022ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಎಚ್‌ಐವಿ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಹಿಸ್ಪಾನಿಕ್, ಜನಸಂಖ್ಯೆಯಲ್ಲಿ ಅವರು ಐದರಲ್ಲಿ ಒಬ್ಬರೂ ಇಲ್ಲ. ಹೆಚ್ಚಿನವರು ಗಂಡಸರ ಜೊತೆ ಸಂಬಂಧ ಇರುವ ಗಂಡಸರು. ಬಾರದ ಹಾಗೆ ತಡೆಯುವ ಪ್ರೆಪ್ ಮಾತ್ರೆ 2012ರಿಂದ ಉಂಟು, ಬೇಕಾದವರಲ್ಲಿ ಬಹಳ ಜನರಿಗೆ ಮುಟ್ಟುವುದೇ ಇಲ್ಲ. ನನ್ನ ಕೊಲಂಬಿಯಾದ ರೂಮ್‌ಮೇಟ್ ಮಾತ್ರೆ ಡಬ್ಬಿಯ ಲೇಬಲ್ ಕಿತ್ತು ವಿಟಮಿನ್ ಡಬ್ಬಿಯಲ್ಲಿ ಹಾಕಿ ಇಡ್ತಿದ್ದ, ಅಣ್ಣ ಬಂದಾಗ ಕಾಣಬಾರದು ಅಂತ. ನಾನೂ ಅಂಥದ್ದೇ ಡಬ್ಬಿ ಇಟ್ಟವನು, ಹಾಗಾಗಿ ಅವನ ಸಂಕಟ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಎಚ್‌ಐವಿ ಬಂದವರ ಚಿಕಿತ್ಸೆಗೆ ಕೇಂದ್ರ ಸರ್ಕಾರದ ರಯಾನ್ ವೈಟ್ ಯೋಜನೆ ಉಂಟು, ಕಾಗದ ಇಲ್ಲದವರೂ ಕೇಳಬಹುದು. ಅದು ಗೊತ್ತಿಲ್ಲದೆ ಎಷ್ಟೋ ಜನ ಟೆಸ್ಟಿಗೇ ಹೋಗುವುದಿಲ್ಲ. ಸರಿಯಾಗಿ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಈ ಒಂದು ಮಾತು ಸ್ಪ್ಯಾನಿಷಲ್ಲೂ ಕನ್ನಡದಲ್ಲೂ ಇನ್ನೂ ಜೋರಾಗಿ ಹೇಳಬೇಕು.

ಮೈಸೂರು_ಟೀಚರ್

ಮಯಾಮಿಯವರು ಇಷ್ಟು ಬರೆದಿದ್ದಕ್ಕೆ ಧನ್ಯವಾದ, ಜೋಪಾನ. ನಾನು ಊರಲ್ಲೇ ಹೈಸ್ಕೂಲ್ ಟೀಚರ್. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬೇಡ ಅಂದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಇತ್ತು, ಅವತ್ತಿನಿಂದ ಎಚ್ಚರಿಕೆಯಿಂದಲೇ ಈ ಮಾತು ಎತ್ತೋದು. ಪ್ರೊಮೊತೋರಾ ಬಗ್ಗೆ ಇನ್ನಷ್ಟು ಹೇಳಿ ಮೇಡಂ, ನಮ್ಮ ಆಶಾ ಕಾರ್ಯಕರ್ತೆಯರ ಥರಾನಾ?

ಮಲ್ನಾಡ್_ನರ್ಸ್

ಹೆಚ್ಚುಕಮ್ಮಿ ಹಾಗೇ. ಊರಾಚೆ ಕೊಲೊನಿಯಾ ಅಂತ ಬಡಾವಣೆಗಳಿವೆ, ಸೈಟು ಮಾರಿದ್ರು, ಚರಂಡಿ ನೀರು ಕೊಡ್ಲಿಲ್ಲ ಅಂಥವು. ಅಲ್ಲಿ ಯಾರದ್ದಾದ್ರೂ ಅಡುಗೆಮನೇಲಿ ಶನಿವಾರ ಮಧ್ಯಾಹ್ನ ಪ್ಲಾತಿಕಾ, ಅಂದ್ರೆ ಹರಟೆ. ನಾನೊಂದು ಸಲ ಹೋಗಿದ್ದೆ. ಎಂಟು ಜನ ಹೆಂಗಸರು, ಒಲೆ ಮೇಲೆ ಅವರೆಕಾಳಿನಂಥ ಕಾಳು ಬೇಯ್ತಿತ್ತು. ಲೋತೆರಿಯಾ ಅಂತ ಚಿತ್ರದ ಆಟ ಇದೆ, ನಮ್ಮ ತಂಬೋಲ ಇದ್ದ ಹಾಗೆ, ನಂಬರ್ ಬದಲು ಚಿತ್ರ, ಗುರುತಿಗೆ ಒಣ ಕಾಳು. ಪ್ರೊಮೊತೋರಾ ಮಾಡಿದ್ದ ಕಾರ್ಡಲ್ಲಿ ಚಂದ್ರ, ಕೋಳಿ ಜೊತೆಗೆ ಗರ್ಭಕೋಶ, ಕಾಂಡೋಮು, ಗರ್ಭಕೋಶದ ಬಾಯಿ ಕ್ಯಾನ್ಸರ್ ಪತ್ತೆ ಮಾಡೋ ಪ್ಯಾಪ್ ಟೆಸ್ಟಿನ ಕಡ್ಡಿ. ಕಾರ್ಡ್ ಬಂದ ಹಾಗೆ ಯಾರೋ ಒಬ್ರು ಮಾತು ಶುರು ಮಾಡ್ತಾರೆ, ಕಾಳು ಇಡೋದೇ ಮರೀತಾರೆ.

ಲೈಂಗಿಕ ಸಂಪರ್ಕದಿಂದ ಹರಡೋ ಎಚ್‌ಪಿವಿ ವೈರಸ್‌ನ ಲಸಿಕೆ ಕಾರ್ಡ್ ಬಂದಾಗ ಒಬ್ಬ ತಾಯಿ, ನನ್ನ ಮಗಳಿಗೆ ಹನ್ನೊಂದು, ಇಷ್ಟು ಬೇಗ ಯಾಕೆ, ಅದನ್ನ ಕೊಟ್ರೆ ದಾರಿ ತಪ್ಪೋಕೆ ಒಪ್ಪಿಗೆ ಕೊಟ್ಟ ಹಾಗಲ್ವಾ ಅಂದ್ರು. ಪ್ರೊಮೊತೋರಾ ವಾದ ಮಾಡ್ಲಿಲ್ಲ. “ನಿಮ್ಮ ಅತ್ತೆ ಯಾವುದರಿಂದ ಹೋದ್ರು?” ಅಂತ ಕೇಳಿದ್ರು. ಗರ್ಭಕೋಶದ ಬಾಯಿ ಕ್ಯಾನ್ಸರ್. ಆ ಕ್ಯಾನ್ಸರ್ ಇಲ್ಲಿ ಬಿಳಿ ಹೆಂಗಸರಿಗಿಂತ ಹಿಸ್ಪಾನಿಕ್ ಹೆಂಗಸರಿಗೆ ಜಾಸ್ತಿ ಬರತ್ತೆ. “ಇದು ಅದಕ್ಕೆ” ಅಂದ್ರು ಅಷ್ಟೇ. ಆ ತಾಯಿ ಬೊಗಸೇಲಿದ್ದ ಕಾಳನ್ನ ಮೇಜಿನ ಮೇಲೆ ಸುರಿದು ಎಲ್ಲಿ, ಯಾವತ್ತು ಅಂತ ಕೇಳಿದ್ರು.

ಮೊದಲು ಹೇಳಿದ ಹೆಂಗಸಿನ ಕಥೆ ಕೇಳಿ ಇಬ್ರು ಮೆಸೇಜ್ ಮಾಡಿದ್ರಿ. ಇಂಜೆಕ್ಷನ್ ನಿಲ್ಲಿಸಿ ತೋಳಿಗೆ ಇಂಪ್ಲಾಂಟ್ ಹಾಕಿದ್ವಿ, ಅದರಲ್ಲಿ ಈಸ್ಟ್ರೊಜೆನ್ ಇಲ್ಲ. ಬಿಪಿಗೆ ಮಾತ್ರೆ. ನಾದಿನೀನೂ ಅದೇ ಇಂಜೆಕ್ಷನ್ ತಗೋತಿದ್ಲು ಅಂತ ಆಮೇಲೆ ಗೊತ್ತಾಯ್ತು, ಅವಳನ್ನೂ ಕರ್ಕೊಂಡ್ ಬಂದ್ಲು.

ಹ್ಯೂಸ್ಟನ್_ಅಮ್ಮ

ಅಕ್ಕ, ಇವತ್ತು ಪಕ್ಕದ ಮನೆಯವರ ಜೊತೆ ಕೂತು ಮಾತಾಡ್ದೆ. ಅವರ ಮಗಳಿಗೆ ಈಗ ಹದಿನಾರು, ಎಚ್‌ಪಿವಿ ಒಂದೂ ಆಗಿಲ್ಲ. ನನ್ನ ಮಗಳಿಗೆ ಹನ್ನೆರಡಕ್ಕೇ ಎರಡು ಆಗಿದೆ. ತಡ ಆಯ್ತಾ? ಇನ್ಶೂರೆನ್ಸ್ ಇಲ್ಲ ಅವರಿಗೆ.

ಮಲ್ನಾಡ್_ನರ್ಸ್

ತಡ ಏನಿಲ್ಲ, 26ರ ತನಕ ಕೊಡ್ತಾರೆ. 2025ರ ತನಕ ಹದಿನೈದು ತುಂಬೋ ಮುಂಚೆ ಶುರು ಮಾಡಿದ್ರೆ ಎರಡು ಡೋಸ್, ಆಮೇಲಾದ್ರೆ ಮೂರು ಅಂತಿತ್ತು, ಈಗ ಎಷ್ಟು ಅಂತ ಅಲ್ಲೇ ಕೇಳಿ. ಇನ್ಶೂರೆನ್ಸ್ ಇಲ್ಲದ ಮಕ್ಕಳಿಗೆ 19 ತುಂಬೋ ತನಕ ಸರ್ಕಾರದ ಮಕ್ಕಳ ಲಸಿಕೆ ಯೋಜನೇಲಿ ಲಸಿಕೆಗೆ ದುಡ್ಡಿಲ್ಲ, ಚುಚ್ಚೋದಕ್ಕೆ ಸ್ವಲ್ಪ ಶುಲ್ಕ ಕೇಳಬಹುದು, ಕೊಡೋಕೆ ಆಗಲ್ಲ ಅಂದ್ರೆ ಅದಕ್ಕಾಗಿ ಲಸಿಕೆ ನಿಲ್ಲಿಸೋ ಹಾಗಿಲ್ಲ. ಕೌಂಟಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಮಕ್ಕಳ ಲಸಿಕೆ ಅಂತ ಕೇಳಿ. ಹಳೇ ಲಸಿಕೆ ಕಾರ್ಡ್ ಇದ್ರೆ ತಗೊಂಡ್ ಹೋಗ್ಲಿ, ಇಲ್ದೇ ಇದ್ರೂ ಹೋಗ್ಲಿ.

ಹ್ಯೂಸ್ಟನ್_ಅಮ್ಮ

ಮಂಗಳವಾರ ಆಕೆಗೆ ಪಾಳಿ ಇಲ್ವಂತೆ. ಕಾರು ನಾನು ಓಡಿಸ್ತೀನಿ.